ಒಂದು ಮನೆಗೆ ಐದು ಬೀಗ: ಇಂಗ್ಲೆಂಡಿನ ಇಕ್ಕಟ್ಟಿನ ಬೀದಿಗಳ ಬಾಡಿಗೆ ಗೊಂದಲ

ಇಂಗ್ಲೆಂಡಿನ ಮನೆಗಳ ಕುರಿತು ಬರುವ ಸುದ್ದಿಗಳನ್ನು ಬಿಡಿಬಿಡಿಯಾಗಿ ಓದಿದರೆ ಎಲ್ಲವೂ ಸರಿಯೆನಿಸುತ್ತದೆ. ಒಟ್ಟಿಗೆ ಇಟ್ಟು ಓದಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮನೆಗಳು ಸಾಲುತ್ತಿಲ್ಲ, ಈ ಸಂಸತ್ತಿನ ಅವಧಿ ಮುಗಿಯುವುದರೊಳಗೆ 15 ಲಕ್ಷ ಮನೆಗಳಾಗಬೇಕು ಎಂದು ಸರ್ಕಾರ ಗುರಿ ಹಾಕಿಕೊಂಡಿದೆ. ಆದರೆ ಇರುವ ಮನೆಯನ್ನೇ ನಾಲ್ಕೈದು ಜನರಿಗೆ ಕೋಣೆಕೋಣೆಯಾಗಿ ಬಾಡಿಗೆಗೆ ಕೊಡುತ್ತೇನೆ ಎಂದು ಮಾಲೀಕ ಅರ್ಜಿ ಹಾಕಿದರೆ ಎಷ್ಟೋ ಊರುಗಳ ಕೌನ್ಸಿಲ್ ‘ಆಗುವುದಿಲ್ಲ’ ಎನ್ನುತ್ತದೆ. ಇದರ ನಡುವೆ 2025ರ ಅಕ್ಟೋಬರ್ 27ರಂದು ದೊರೆಯ ಅಂಕಿತ ಪಡೆದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಬಂದಿದೆ. ಅದರ ಮುಖ್ಯ ಭಾಗಗಳ ಜಾರಿಗೆ ನಿಗದಿಯಾದ ದಿನ 2026ರ ಮೇ 1. ಹೆಸರೇ ಹೇಳುವಂತೆ ಬಾಡಿಗೆದಾರರ ಪರವಾದ ಕಾನೂನು. ಆದರೂ ಬಾಡಿಗೆದಾರರಲ್ಲೇ ಒಂದು ಗುಂಪು, ಮುಖ್ಯವಾಗಿ ಹೊರದೇಶದಿಂದ ಬರುವ ವಿದ್ಯಾರ್ಥಿಗಳು, ಇದರಿಂದ ಮನೆ ಸಿಗುವುದು ಇನ್ನೂ ಕಷ್ಟವಾಗಬಹುದೇ ಎಂಬ ಪ್ರಶ್ನೆ ಎದುರಿಸಬೇಕಾಗಿದೆ.

ಈ ಗಂಟು ಬಿಡಿಸಲು ಇಡೀ ದೇಶವನ್ನು ಸುತ್ತಬೇಕಿಲ್ಲ. ಒಂದು ಪುಟ್ಟ ಬಡಾವಣೆ ಸಾಕು. ಲೀಡ್ಸ್ ನಗರದ ಹೈಡ್ ಪಾರ್ಕ್ ಅಂಥದ್ದು. ಲಂಡನ್ನಿನ ಹೈಡ್ ಪಾರ್ಕ್ ಅಲ್ಲ. ಹೆಸರೊಂದೇ, ಸಿರಿತನ ಬೇರೆ. 2002ರಲ್ಲಿ ರಾಹುಲ್ ದ್ರಾವಿಡ್ 148 ರನ್ ಗಳಿಸಿ ಭಾರತವನ್ನು ಗೆಲ್ಲಿಸಿದ ಹೆಡಿಂಗ್ಲೆ ಮೈದಾನಕ್ಕೂ ಲೀಡ್ಸ್ ವಿಶ್ವವಿದ್ಯಾಲಯಕ್ಕೂ ನಡುವೆ, ಎರಡೂ ಕಡೆಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿರುವ ಕೆಂಪು ಇಟ್ಟಿಗೆಯ ಬೀದಿಗಳ ಜಾಲ ಅದು.

ಬೆನ್ನಿಗೆ ಬೆನ್ನು ಕೊಟ್ಟ ಮನೆಗಳು

ಇಂಗ್ಲೆಂಡಿನಲ್ಲಿ ‘ಟೆರೇಸ್’ ಎಂದರೆ ತಾರಸಿಯಲ್ಲ, ಸಾಲುಮನೆ. ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆ. ಕೈಗಾರಿಕಾ ಕ್ರಾಂತಿಯ ಊರುಗಳು ಬೆಳೆದದ್ದು ಇಂಥ ಸಾಲುಗಳಲ್ಲಿ. ಲೀಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಎರಡು ಸಾಲುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿತು. ಇದೇ ‘ಬ್ಯಾಕ್-ಟು-ಬ್ಯಾಕ್’ ಮನೆ. ಇದಕ್ಕೆ ಹಿತ್ತಿಲಿಲ್ಲ, ಹಿಂಬಾಗಿಲಿಲ್ಲ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಮೂರು ಗೋಡೆಗಳ ಆಚೆ ಬೇರೆ ಸಂಸಾರಗಳು. ಬಾಗಿಲು, ಕಿಟಕಿ ಎಲ್ಲವೂ ಬೀದಿಯ ಕಡೆಯ ಒಂದೇ ಗೋಡೆಯಲ್ಲಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವ ದಾರಿಯೇ ಇಲ್ಲ.

ಈ ಕಾರಣಕ್ಕೇ 1909ರ ವಸತಿ ಮತ್ತು ನಗರ ಯೋಜನಾ ಕಾಯ್ದೆ ಹೊಸದಾಗಿ ಇಂಥ ಮನೆ ಕಟ್ಟುವುದನ್ನು ನಿಷೇಧಿಸಿತು. ಆದರೆ ಮೊದಲೇ ಮಂಜೂರಾಗಿದ್ದ ನಕ್ಷೆಗಳ ನೆಪದಲ್ಲಿ ಲೀಡ್ಸ್ ಕಟ್ಟುತ್ತಲೇ ಹೋಯಿತು, 1937ರವರೆಗೂ! ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಮನೆಗಳು ಹೆಚ್ಚುಕಡಿಮೆ ಎಲ್ಲವೂ ನೆಲಸಮವಾಗಿ, ಉಳಿದ ಒಂದು ಅಂಗಳವನ್ನು ನ್ಯಾಷನಲ್ ಟ್ರಸ್ಟ್ ವಸ್ತುಸಂಗ್ರಹಾಲಯ ಮಾಡಿಕೊಂಡಿದೆ. ಲೀಡ್ಸಿನಲ್ಲಿ ಸುಮಾರು 19,500 ಮನೆಗಳು ಇಂದಿಗೂ ಉಳಿದಿವೆ. ಅಲ್ಲಿ ಟಿಕೆಟ್ ಕೊಟ್ಟು ನೋಡುವುದನ್ನು ಇಲ್ಲಿ ಬಾಡಿಗೆ ಕೊಟ್ಟು ಅನುಭವಿಸಬಹುದು.

ಹೈಡ್ ಪಾರ್ಕ್‌ನಲ್ಲೂ ಲೀಡ್ಸಿನದೇ ಇನ್ನೊಂದು ಬಡಾವಣೆ ಹೇರ್‌ಹಿಲ್ಸ್‌ನಲ್ಲೂ ಈ ಸಾಲುಗಳಿವೆ. ಅವುಗಳ ಜೊತೆಗೆ ಅಟ್ಟವಿರುವ ದೊಡ್ಡ ಟೆರೇಸ್ ಮನೆಗಳೂ ಇವೆ. ಹಳೆಯ ಕೆಲವು ಸಾಲುಗಳಲ್ಲಿ ಎಂಟೆಂಟು ಮನೆಗಳ ಕಟ್ಟಿಗೊಂದರಂತೆ ಹಂಚಿಕೆಯ ಶೌಚಾಲಯದ ಅಂಗಳವಿತ್ತು. ಮನೆಯೊಳಗೆ ಶೌಚಾಲಯ ಬಂದ ಮೇಲೆ ಆ ಅಂಗಳ ಕಸದ ಡಬ್ಬಿಗಳ ತಾಣವಾಯಿತು. ಹಿತ್ತಿಲಿಲ್ಲದ ಮನೆಯವರು ಬಟ್ಟೆ ಒಣಗಿಸಲು ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿಕೊಂಡರು. ನಮ್ಮ ಹಳೆಯ ವಠಾರಗಳನ್ನು ಬಲ್ಲವರಿಗೆ ಇದರ ಒಳಹೊರಗು ಬೇಗ ಅರ್ಥವಾಗುತ್ತದೆ. ಗೋಡೆ, ಅಂಗಳ, ಬೀದಿ ಎಲ್ಲವೂ ಹಂಚಿಕೆಯದೇ ಆದ ಜಾಗದಲ್ಲಿ ಬದುಕು ನಡೆಯಬೇಕಾದರೆ ಡಬ್ಬಿ ಯಾವ ದಿನ ಹೊರಗಿಡಬೇಕು, ರಾತ್ರಿ ಎಷ್ಟು ಹೊತ್ತಿನವರೆಗೆ ಹಾಡು ಹಾಕಬಹುದು ಎಂಬುದು ಬರೆಯದ ಒಪ್ಪಂದವಾಗಿರಬೇಕು. ಬರೆಯದ ಒಪ್ಪಂದ ಕಲಿಯಲು ಒಂದಷ್ಟು ಕಾಲ ಅಲ್ಲೇ ಇರಬೇಕು. ಜಗಳ ಹುಟ್ಟುವುದು ಈ ‘ಒಂದಷ್ಟು ಕಾಲ’ದ ವಿಷಯದಲ್ಲಿ.

ಮೂವರು ನರ್ಸುಗಳು ಮತ್ತು ಒಂದು ಅವಿಭಕ್ತ ಕುಟುಂಬ

ಚರ್ಚೆಯ ಕೇಂದ್ರದಲ್ಲಿರುವ ಪದ ‘ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಶನ್’, ಚಿಕ್ಕದಾಗಿ ಎಚ್‌ಎಂಒ. ಬೇರೆಬೇರೆ ಸಂಸಾರಗಳಿಗೆ ಸೇರಿದ ಮೂವರು ಅಥವಾ ಹೆಚ್ಚು ಜನ ಒಂದೇ ಮನೆಯಲ್ಲಿದ್ದು ಅಡುಗೆಮನೆ, ಬಚ್ಚಲು ಅಥವಾ ಶೌಚಾಲಯವನ್ನು ಹಂಚಿಕೊಂಡರೆ ಅದು ಎಚ್‌ಎಂಒ. ನಮ್ಮ ಪಿಜಿಗೆ ಹತ್ತಿರದ ವ್ಯವಸ್ಥೆ ಎನ್ನಬಹುದು. ಊಟ ಹಾಕುವವರು ಮಾತ್ರ ಇರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಕಾನೂನು ಎಣಿಸುವುದು ತಲೆಗಳನ್ನಲ್ಲ, ಸಂಬಂಧಗಳನ್ನು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮೂವರು ನರ್ಸುಗಳು ಸೇರಿ ಮನೆ ಹಿಡಿದರೆ ಅದು ಎಚ್‌ಎಂಒ. ಅದೇ ಮನೆಯಲ್ಲಿ ಅಜ್ಜ, ಅಜ್ಜಿ, ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಒಂಬತ್ತು ಜನರಿದ್ದರೆ ಎಚ್‌ಎಂಒ ಅಲ್ಲ. ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳ ತನಕ ಎಲ್ಲರನ್ನೂ 2004ರ ವಸತಿ ಕಾಯ್ದೆ ಒಂದೇ ಸಂಸಾರವೆಂದು ಒಪ್ಪುತ್ತದೆ. ಅವಿಭಕ್ತ ಕುಟುಂಬಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಇಷ್ಟು ಮರ್ಯಾದೆ ಸಿಕ್ಕಿರುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ.

ಎಚ್‌ಎಂಒದಲ್ಲಿ ಐದು ಅಥವಾ ಹೆಚ್ಚು ಜನರಿದ್ದರೆ ಲೈಸೆನ್ಸ್ ಕಡ್ಡಾಯ. ಮೊದಲು ಮೂರು ಮಹಡಿಯ ಮನೆಗಷ್ಟೇ ಇದ್ದ ಈ ನಿಯಮದ ಮಹಡಿ ಷರತ್ತನ್ನು 2018ರ ಅಕ್ಟೋಬರ್ 1ರಂದು ತೆಗೆದುಹಾಕಲಾಯಿತು. ಆಗಲೇ ಮಲಗುವ ಕೋಣೆಗೂ ಕನಿಷ್ಠ ಅಳತೆ ಬಂತು: ಒಬ್ಬ ವಯಸ್ಕನಿಗೆ 6.51 ಚದರ ಮೀಟರ್, ಇಬ್ಬರಿಗೆ 10.22. ವಿಚಿತ್ರ ಸಂಖ್ಯೆಗಳಂತೆ ಕಾಣುತ್ತವೆ. ಅಡಿಗೆ ತಿರುಗಿಸಿದರೆ 70 ಮತ್ತು 110 ಚದರಡಿ. ಏಳು ಅಡಿಗೆ ಹತ್ತಡಿಯ ಕೋಣೆ ಸಿಕ್ಕರೆ ಕಾನೂನು ತೃಪ್ತ.

ಮನೆಗೊಂದು ಬೆಲೆ, ಕೋಣೆಗೊಂದು ಬೆಲೆ

ಒಂದು ಬೀದಿ ಸಂಸಾರಗಳ ಬೀದಿಯಿಂದ ಎಚ್‌ಎಂಒ ಬೀದಿಯಾಗುವುದು ಹೇಗೆ? ಯಾರೂ ಕೂತು ಹಾಗೆ ಯೋಜಿಸುವುದಿಲ್ಲ. ಗಣಿತ ಮಾಡುವ ಕೆಲಸ ಅದು.

ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಮನೆ ಹಿಡಿಯೋಣ. ಮೂರು ಮಲಗುವ ಕೋಣೆ, ಒಂದು ನಡುಮನೆ, ಮೇಲೆ ಅಟ್ಟ. ಒಂದು ಸಂಸಾರಕ್ಕೆ ಕೊಟ್ಟರೆ ತಿಂಗಳಿಗೆ 1,200 ಪೌಂಡ್ ಬಾಡಿಗೆ ಬರುತ್ತದೆ ಎಂದುಕೊಳ್ಳಿ. ಮಾಲೀಕ ಅಟ್ಟವನ್ನು ಕೋಣೆ ಮಾಡುತ್ತಾನೆ, ನಡುಮನೆಗೂ ಬಾಗಿಲು ಹಾಕಿ ಕೋಣೆ ಮಾಡುತ್ತಾನೆ. ಐದು ಕೋಣೆ, ಐದು ಬೀಗ. ಕೋಣೆಗೆ 500 ಪೌಂಡ್ ಎಂದರೂ 2,500. ಬೆಂಕಿ ತಡೆಯುವ ಬಾಗಿಲು, ಪೀಠೋಪಕರಣ, ಲೈಸೆನ್ಸ್ ಶುಲ್ಕ, ಸವಕಳಿ ಎಲ್ಲ ಕಳೆದರೂ ಸಂಸಾರದ ಬಾಡಿಗೆಗಿಂತ ಕೈಯಲ್ಲಿ ಹೆಚ್ಚು ಉಳಿಯುತ್ತದೆ.

ಪರಿಣಾಮಗಳು ಸರಪಳಿಯಂತೆ ಬರುತ್ತವೆ. ಪಕ್ಕದ ಮನೆ ಮಾರಾಟಕ್ಕೆ ಬಂದಾಗ ಮಕ್ಕಳಿರುವ ದಂಪತಿ 1,200ರ ಲೆಕ್ಕದಲ್ಲಿ ಬೆಲೆ ಕೂಗುತ್ತಾರೆ, ಹೂಡಿಕೆದಾರ 2,500ರ ಲೆಕ್ಕದಲ್ಲಿ. ಯಾರು ಗೆಲ್ಲುತ್ತಾರೆಂದು ಹೇಳಬೇಕಿಲ್ಲ. ಸಂಸಾರಗಳು ಕಡಿಮೆಯಾದಂತೆ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಾರೆ. ಹೈಡ್ ಪಾರ್ಕ್‌ನ ರಾಯಲ್ ಪಾರ್ಕ್ ಪ್ರಾಥಮಿಕ ಶಾಲೆ 2004ರಲ್ಲಿ ಮುಚ್ಚಿತು; ಕಟ್ಟಡ ಉಳಿಸಿಕೊಳ್ಳಲು ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರೂ ಕೊನೆಗೆ ಅದನ್ನು ಕೆಡವಲಾಯಿತು. ಪಕ್ಕದ ಹೆಡಿಂಗ್ಲೆ ಪ್ರಾಥಮಿಕ ಶಾಲೆಯ ಕಟ್ಟಡ ಈಗ ‘ಹಾರ್ಟ್’ ಎಂಬ ಸಮುದಾಯ ಕೇಂದ್ರ. ಶಾಲೆ ಹೋದ ಮೇಲೆ ಉಳಿದ ಸಂಸಾರಗಳಿಗೂ ಅಲ್ಲಿರಲು ಒಂದು ಕಾರಣ ಕಡಿಮೆ. ದಿನಸಿ ಅಂಗಡಿಯ ಜಾಗಕ್ಕೆ ಪಿಜ್ಜಾ ಅಂಗಡಿ ಬರುತ್ತದೆ, ಬಾಡಿಗೆ ಏಜೆಂಟನ ಕಚೇರಿ ಬರುತ್ತದೆ. ಭೂಗೋಳ ವಿದ್ವಾಂಸ ಡ್ಯಾರೆನ್ ಸ್ಮಿತ್ 2000ದ ದಶಕದ ಆರಂಭದಲ್ಲಿ ಈ ಬಗೆಯ ಬದಲಾವಣೆಗೆ ‘ಸ್ಟೂಡೆಂಟಿಫಿಕೇಶನ್’ ಎಂದು ಹೆಸರಿಟ್ಟರು. ಅವರು ಅಧ್ಯಯನ ಮಾಡಿದ ಊರುಗಳಲ್ಲಿ ಲೀಡ್ಸ್ ಕೂಡ ಒಂದು.

ಇನ್ನೊಂದು ಉರಿಯುವ ವಿಷಯ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಮನೆ ತೆರಿಗೆ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಅದು ಇಲ್ಲ. ವಿದ್ಯಾರ್ಥಿಗಳಿಗೆ ಆದಾಯವಿಲ್ಲ ಎಂಬ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಆ ವಿನಾಯಿತಿ ಇರುವುದರಿಂದಲೇ ಮಾಲೀಕನಿಗೆ ಕೋಣೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೇಳಲು ಸಾಧ್ಯವಾಗುತ್ತದೆ. ಪಕ್ಕದಲ್ಲಿ ತೆರಿಗೆ ಕಟ್ಟುವ ಮುದುಕಿಗೆ ಮಾತ್ರ ಐದು ಜನರ ಕಸ ತುಂಬಿ ಚೆಲ್ಲಿದ ಡಬ್ಬಿ ಕಾಣುತ್ತದೆ. ಲೀಡ್ಸಿನಲ್ಲಿ ವಿದ್ಯಾರ್ಥಿ ಮನೆಗಳ ಕರಾರು ಸಾಮಾನ್ಯವಾಗಿ ಜುಲೈ 1ರಿಂದ ಜೂನ್ 30ರವರೆಗೆ. ಜೂನ್ ಕೊನೆಯ ವಾರದಲ್ಲಿ ಸಾವಿರಾರು ಜನ ಒಟ್ಟಿಗೆ ಮನೆ ಖಾಲಿ ಮಾಡುತ್ತಾರೆ. ಹಾಸಿಗೆ, ಸೋಫಾ, ಅಕ್ಕಿ ಚೀಲ, ಪಾತ್ರೆ ಎಲ್ಲವೂ ಬೀದಿಗೆ ಬರುತ್ತವೆ. ಹಿತ್ತಿಲಿಲ್ಲದ ಮನೆಯವರು ಬೇರೆಲ್ಲಿ ಇಟ್ಟಾರು?

ಆರ್ಟಿಕಲ್ 4: ವೃತ್ತ ಎಳೆದು ಎಣಿಸುವ ನಿಯಮ

2010ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಹೊಸ ಯೋಜನಾ ವರ್ಗವೊಂದನ್ನು ಮಾಡಿತು: ಮೂರರಿಂದ ಆರು ಜನರ ಹಂಚಿಕೆಯ ಮನೆಗೆ ‘ಸಿ4’. ಸಂಸಾರದ ಮನೆ, ಅಂದರೆ ‘ಸಿ3’, ಸಿ4 ಆಗಬೇಕಾದರೆ ಅನುಮತಿ ಬೇಕಿತ್ತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ ನಿಯಮ ತಲೆಕೆಳಗಾಯಿತು: ಅರ್ಜಿಯ ಅಗತ್ಯವಿಲ್ಲ, ಬೇಕಿದ್ದರೆ ಕೌನ್ಸಿಲ್ಲೇ ತನ್ನ ಊರಿಗೆ ಸೀಮಿತವಾಗಿ ಆ ಸ್ವಾತಂತ್ರ್ಯವನ್ನು ಹಿಂಪಡೆಯಲಿ ಎಂದಾಯಿತು. ಹಾಗೆ ಹಿಂಪಡೆಯುವ ಆದೇಶವೇ ‘ಆರ್ಟಿಕಲ್ 4’. ಮ್ಯಾಂಚೆಸ್ಟರ್, ಪೋರ್ಟ್ಸ್‌ಮತ್ 2011ರಲ್ಲಿ, ಲೀಡ್ಸ್ ಮತ್ತು ಆಕ್ಸ್‌ಫರ್ಡ್ 2012ರ ಫೆಬ್ರವರಿಯಲ್ಲಿ, ಬರ್ಮಿಂಗ್‌ಹ್ಯಾಮ್ ಇಡೀ ನಗರಕ್ಕೆ 2020ರಲ್ಲಿ ಇದನ್ನು ಜಾರಿಗೆ ತಂದವು. ಏಳು ಅಥವಾ ಹೆಚ್ಚು ಜನರ ಮನೆಗಾದರೆ ಎಲ್ಲೆಡೆಯೂ ಅನುಮತಿ ಬೇಕೇ ಬೇಕು.

ಅನುಮತಿ ಕೊಡುವುದು ಹೇಗೆ? ಹಲವು ಕಡೆ ವೃತ್ತ ಎಳೆದು. ಪೋರ್ಟ್ಸ್‌ಮತ್ ಲಂಡನ್ನಿನಾಚೆ ಇಂಗ್ಲೆಂಡಿನ ಅತಿ ದಟ್ಟ ನಗರ. ಬಹುಪಾಲು ಒಂದು ದ್ವೀಪದ ಮೇಲಿದೆ. ಸುಮಾರು 40 ಚದರ ಕಿಲೋಮೀಟರ್‌ನಲ್ಲಿ 2021ರ ಗಣತಿಯಂತೆ 2.08 ಲಕ್ಷ ಜನ. ಅಲ್ಲಿ ಅರ್ಜಿ ಹಾಕಿದ ಮನೆಯ ಸುತ್ತ 50 ಮೀಟರ್ ವೃತ್ತದಲ್ಲಿ ಶೇ 10ಕ್ಕಿಂತ ಹೆಚ್ಚು ಎಚ್‌ಎಂಒಗಳಾಗುವುದಾದರೆ ಸಾಮಾನ್ಯವಾಗಿ ಅನುಮತಿ ಇಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ 100 ಮೀಟರ್, ಶೇ 10. ಆಕ್ಸ್‌ಫರ್ಡ್‌ನ ಮಿತಿ ಶೇ 20.

ಕೇಳಲು ಅಚ್ಚುಕಟ್ಟಾಗಿದೆ. ತೊಂದರೆ ಮೂರು ಕಡೆ ಕಾಣಿಸಿಕೊಳ್ಳುತ್ತದೆ. ಮಾಲೀಕರಿಗೆ ನಷ್ಟ ಪರಿಹಾರ ಕೊಡುವ ಹೊರೆ ತಪ್ಪಿಸಿಕೊಳ್ಳಲು ಕೌನ್ಸಿಲ್‌ಗಳು ಸಾಮಾನ್ಯವಾಗಿ ಒಂದು ವರ್ಷ ಮೊದಲೇ ಆದೇಶ ಘೋಷಿಸುತ್ತವೆ. ಆ ಒಂದು ವರ್ಷ ಹೂಡಿಕೆದಾರರಿಗೆ ಬಾಗಿಲು ಮುಚ್ಚುವ ಮುನ್ನ ನುಗ್ಗಲು ಸಿಕ್ಕ ಅವಕಾಶ. ಈಗಾಗಲೇ ಇರುವ ಎಚ್‌ಎಂಒಗಳನ್ನು ಆದೇಶ ಮುಟ್ಟುವುದಿಲ್ಲ, ಹೊಸವಕ್ಕಷ್ಟೇ ತಡೆ. ಹೀಗಾಗಿ ಹಳೆಯವು ಅಪರೂಪದ ಸರಕಾಗಿ ಅವುಗಳ ಬೆಲೆ ಏರುತ್ತದೆ.

ಮೂರನೆಯದು ಇನ್ನೂ ಕ್ರೂರ. ಇಡೀ ಬೀದಿ ಎಚ್‌ಎಂಒ ಆಗಿರುವಲ್ಲಿ ಉಳಿದಿರುವ ಒಂದೆರಡು ಸಂಸಾರಗಳ ಸ್ಥಿತಿ ನೋಡಿ. ಆ ಬೀದಿಯಲ್ಲಿ ಮನೆ ಕೊಳ್ಳಲು ಬೇರೊಂದು ಸಂಸಾರ ಮುಂದೆ ಬರುವುದಿಲ್ಲ. ಕೊಳ್ಳಲು ಸಿದ್ಧವಿರುವ ಹೂಡಿಕೆದಾರನಿಗೆ ಅದನ್ನು ಎಚ್‌ಎಂಒ ಮಾಡಲು ಅನುಮತಿ ಸಿಗುವುದು ಕಷ್ಟ. ನಿಯಮ ಯಾರನ್ನು ಕಾಪಾಡಲು ಬಂತೋ ಅವರೇ ಅದರೊಳಗೆ ಸಿಕ್ಕಿಬೀಳುತ್ತಾರೆ. ಶೇ 10ರ ವೃತ್ತ ಬೆಂಕಿ ಹತ್ತುವ ಮುಂಚೆ ಉಪಯೋಗಕ್ಕೆ ಬರುತ್ತದೆ. ಹೈಡ್ ಪಾರ್ಕ್‌ನಂಥ ಕಡೆ ಅದು ಬಂದದ್ದು ತಡವಾಗಿ.

ಒಂದು ಕೈ ತಳ್ಳುತ್ತದೆ, ಇನ್ನೊಂದು ತಡೆಯುತ್ತದೆ

ಎಚ್‌ಎಂಒ ಎಂದರೆ ವಿದ್ಯಾರ್ಥಿಗಳು ಎಂಬ ಕಲ್ಪನೆ ಹಳೆಯದಾಯಿತು. ವಸತಿ ನೆರವು ಪಡೆಯುವ, ಮಕ್ಕಳಿಲ್ಲದ ಒಂಟಿ ವ್ಯಕ್ತಿಗೆ 35 ವರ್ಷ ತುಂಬುವವರೆಗೆ ಸರ್ಕಾರ ಖಾಸಗಿ ಬಾಡಿಗೆಗೆ ಸಾಮಾನ್ಯವಾಗಿ ಕೊಡುವುದು ಹಂಚಿಕೆಯ ಮನೆಯ ಒಂದು ಕೋಣೆಯ ದರವನ್ನಷ್ಟೇ. 2012ರ ಮೊದಲು ಈ ವಯಸ್ಸಿನ ಮಿತಿ 25 ಆಗಿತ್ತು. ಅಂದರೆ ಕೇಂದ್ರ ಸರ್ಕಾರವೇ ಹತ್ತು ವಯೋವರ್ಷಗಳ ಜನರನ್ನು ಎಚ್‌ಎಂಒ ಕಡೆಗೆ ಕಳಿಸಿತು. ಅದೇ ಹೊತ್ತಿನಲ್ಲಿ ಕೌನ್ಸಿಲ್‌ಗಳು ಎಚ್‌ಎಂಒಗಳಿಗೆ ಮಿತಿ ಹಾಕತೊಡಗಿದವು.

ಆಶ್ರಯ ಕೋರಿ ಬಂದವರ ವಿಷಯದಲ್ಲೂ ಇದೇ ಕಥೆ. ಅವರನ್ನು ಹೋಟೆಲುಗಳಲ್ಲಿ ಇರಿಸುವುದು ದುಬಾರಿ, ರಾಜಕೀಯವಾಗಿಯೂ ಸ್ಫೋಟಕ. 2025ರ ಬೇಸಿಗೆಯಲ್ಲಿ ಲಂಡನ್ ಸಮೀಪದ ಎಪಿಂಗ್‌ನ ಹೋಟೆಲೊಂದರ ಮುಂದೆ ನಡೆದ ಪ್ರತಿಭಟನೆಗಳು ದೇಶದ ಸುದ್ದಿಯಾದವು. ಹೋಟೆಲ್ ಬಿಡಿಸಬೇಕಾದರೆ ಅವರಿಗೆ ಮನೆ ಬೇಕು. ಗೃಹ ಇಲಾಖೆಯ ಗುತ್ತಿಗೆದಾರರು ಮನೆ ಹುಡುಕುವುದು ಬಾಡಿಗೆ ಅಗ್ಗವಿರುವಲ್ಲಿ. ಅಗ್ಗದ ಬಾಡಿಗೆ ಇರುವುದು ಮೊದಲೇ ಇಕ್ಕಟ್ಟಾಗಿರುವ ಸಾಲುಮನೆಗಳ ಬೀದಿಗಳಲ್ಲಿ. ಹೀಗೆ ‘ಎಚ್‌ಎಂಒ’ ಎಂಬ ಒಣ ಕಾನೂನು ಪದ ಚುನಾವಣಾ ಕರಪತ್ರಗಳಲ್ಲಿ ಬೇರೆಯದೇ ಅರ್ಥ ಪಡೆಯಿತು. ಕಸದ ಡಬ್ಬಿಯ ದೂರು ಎಲ್ಲಿ ಮುಗಿಯುತ್ತದೆ, ‘ಅವರು’ ಬರಬಾರದು ಎಂಬ ಮಾತು ಎಲ್ಲಿ ಶುರುವಾಗುತ್ತದೆ ಎಂದು ಬೇರ್ಪಡಿಸುವುದು ಈಗ ಸುಲಭವಲ್ಲ.

ಯಾರ ವಾದ ಏನು

ಹಳೆಯ ನಿವಾಸಿಗಳ ವಾದ ದಟ್ಟಣೆಯ ವಿರುದ್ಧವಲ್ಲ, ಕನಿಷ್ಠ ಅವರಲ್ಲಿ ವಿವೇಚನೆಯುಳ್ಳವರದು. ಅವರ ಬೀದಿ ಹುಟ್ಟಿದಾಗಿನಿಂದಲೂ ದಟ್ಟವೇ. ಹೈಡ್ ಪಾರ್ಕ್‌ನಲ್ಲಿ ದಶಕಗಳಿಂದ ನೆಲೆಸಿರುವ ದಕ್ಷಿಣ ಏಷ್ಯಾ ಮೂಲದ ಸಂಸಾರಗಳೂ ಇವೆ, ಅವರ ಮಸೀದಿಗಳಿವೆ, 1914ರಿಂದ ನಡೆಯುತ್ತಿರುವ, ಅನಿಲ ದೀಪಗಳನ್ನು ಇನ್ನೂ ಉಳಿಸಿಕೊಂಡಿರುವ ಚಿತ್ರಮಂದಿರವಿದೆ. ತಮ್ಮ ತಕರಾರು ಪ್ರತಿ ಜುಲೈಗೆ ಪಕ್ಕದ ಮನೆಯವರ ಹೆಸರು ಹೊಸದಾಗಿ ಕೇಳಬೇಕಾಗಿರುವುದು ಎಂದು ಅವರು ಹೇಳುತ್ತಾರೆ.

ಮಾಲೀಕರ ವಾದ: ಬೇಡಿಕೆ ನಾವು ಹುಟ್ಟಿಸಿದ್ದಲ್ಲ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಸೇರಿಸಿಕೊಂಡವು, ಹಾಸ್ಟೆಲ್ ಕಟ್ಟಲಿಲ್ಲ. ನಿಯಮ ಬಿಗಿಯಾದಷ್ಟೂ ಸಣ್ಣ ಮಾಲೀಕರು ಮಾರಿ ಹೋಗುತ್ತಾರೆ, ಕೋಣೆಗಳು ಕಡಿಮೆಯಾಗಿ ಬಾಡಿಗೆ ಏರುತ್ತದೆ. ಈ ಮಾತಿನಲ್ಲಿ ಸ್ವಾರ್ಥವಿದೆ, ಸತ್ಯವೂ ಇದೆ.

ಬಾಡಿಗೆದಾರರ ಸಂಘಟನೆಗಳು ಮನೆಗಳ ಸಂಖ್ಯೆಗಿಂತ ಮನೆಯೊಳಗಿನ ಸ್ಥಿತಿಯ ಬಗ್ಗೆ ಮಾತನಾಡುತ್ತವೆ: ಬೂಷ್ಟು, ತೇವ, ಕೆಟ್ಟ ಬಾಯ್ಲರ್, ದೂರು ಕೊಟ್ಟರೆ ಬರುವ ತೆರವಿನ ನೋಟಿಸ್. ಅವರ ಪ್ರಕಾರ ಬೇಕಿರುವುದು ವೃತ್ತವಲ್ಲ, ತಪಾಸಣೆ. ಇದಕ್ಕೊಂದು ಮಾದರಿಯಿದೆ. ಪೂರ್ವ ಲಂಡನ್ನಿನ ನ್ಯೂಹ್ಯಾಮ್ 2013ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ತನ್ನ ಇಡೀ ಆಡಳಿತ ವ್ಯಾಪ್ತಿಯ ಖಾಸಗಿ ಬಾಡಿಗೆ ಮನೆಗಳಿಗೆ, ಎಚ್‌ಎಂಒ ಆಗಲಿ ಆಗದಿರಲಿ, ಲೈಸೆನ್ಸ್ ಕಡ್ಡಾಯ ಮಾಡಿತು. ಲೈಸೆನ್ಸ್ ಶುಲ್ಕದಿಂದ ತಪಾಸಕರ ಸಂಬಳ ಹೊರಡುತ್ತದೆ. ಮುಂದೆ ದೊಡ್ಡ ಪ್ರಮಾಣದ ಇಂಥ ಯೋಜನೆಗಳಿಗೆ ಮಂತ್ರಿಯ ಒಪ್ಪಿಗೆ ಬೇಕಾಗುವಂತಾಯಿತು. 2024ರ ಡಿಸೆಂಬರ್‌ನಲ್ಲಿ ಆ ಷರತ್ತನ್ನು ತೆಗೆಯಲಾಯಿತು. ವೃತ್ತ ಎಳೆಯುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುವ ಸಾಧನ ಎಂಬುದು ಈ ಲೇಖನದ ನಿಲುವು ಕೂಡ. ಬೀದಿಯಲ್ಲಿ ಎಷ್ಟು ಎಚ್‌ಎಂಒ ಇವೆ ಎಂದು ಎಣಿಸುವುದು ಮೇಜಿನ ಮೇಲೆ ಆಗುವ ಕೆಲಸ. ಒಂದೊಂದು ಎಚ್‌ಎಂಒ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಬಾಗಿಲು ತಟ್ಟಬೇಕು.

ಹೊಸ ಕಾಯ್ದೆ ಬೀದಿಯಲ್ಲಿ ಏನು ಮಾಡುತ್ತದೆ

ಹೊಸ ಕಾಯ್ದೆಯ ಹೃದಯ ‘ಸೆಕ್ಷನ್ 21’ರ ರದ್ದತಿ. ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ಕೊಟ್ಟು ಬಾಡಿಗೆದಾರನನ್ನು ಎಬ್ಬಿಸುವ ಅಧಿಕಾರ ಮಾಲೀಕನಿಂದ ಹೋಗುತ್ತದೆ. ಮನೆ ಮಾರಬೇಕು, ತಾನೇ ಬಂದು ಇರಬೇಕು, ಬಾಡಿಗೆ ಬಾಕಿಯಿದೆ ಎಂಬಂಥ ಕಾರಣ ತೋರಿಸಬೇಕು. ಇದರ ಇನ್ನೊಂದು ಮುಖ ಅಷ್ಟಾಗಿ ಚರ್ಚೆಯಾಗಿಲ್ಲ: ‘ಹನ್ನೆರಡು ತಿಂಗಳ ಕರಾರು’ ಎಂಬುದೇ ಇಲ್ಲವಾಗುತ್ತದೆ. ಎಲ್ಲವೂ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆ. ಬಾಡಿಗೆದಾರ ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೊರಡಬಹುದು.

ಒಂಟಿ ಬಾಡಿಗೆದಾರನಿಗೆ ಇದು ವರ. ಐವರು ಸ್ನೇಹಿತರು ಒಂದೇ ಜಂಟಿ ಕರಾರಿಗೆ ಸಹಿ ಹಾಕಿದ್ದರೆ ಕಥೆ ಬೇರೆ. ಅವಧಿಯಿಲ್ಲದ ಜಂಟಿ ಬಾಡಿಗೆಯಲ್ಲಿ ಒಬ್ಬನ ನೋಟಿಸ್ ಎಲ್ಲರ ಕರಾರನ್ನೂ ಮುಗಿಸುತ್ತದೆ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ತತ್ವ. ಜನವರಿಯಲ್ಲಿ ಒಬ್ಬ ಕೋರ್ಸ್ ಬಿಟ್ಟು ನೋಟಿಸ್ ಕೊಟ್ಟರೆ ಮಾರ್ಚ್‌ನಲ್ಲಿ, ಪರೀಕ್ಷೆ ಹತ್ತಿರವಾಗುವಾಗ, ಉಳಿದ ನಾಲ್ವರು ಹೊಸ ಕರಾರಿಗಾಗಿ ಮಾಲೀಕನ ಮುಂದೆ ನಿಲ್ಲಬೇಕಾಗಬಹುದು. ಇದನ್ನು ತಪ್ಪಿಸಲು ಮಾಲೀಕರು ಕೋಣೆಗೊಂದು ಕರಾರಿನ ಕಡೆ ವಾಲುವ ಸಾಧ್ಯತೆ ಹೆಚ್ಚು. ಹಾಗಾದಾಗ ಮನೆಯನ್ನು ಕೂಡಿ ಹಿಡಿದ ಸ್ನೇಹಿತರ ಬದಲು ಪರಸ್ಪರ ಪರಿಚಯವಿಲ್ಲದ ಐವರು ಒಂದು ಅಡುಗೆಮನೆಯಲ್ಲಿ ಸೇರುತ್ತಾರೆ; ನೆರೆಯವರು ಯಾರೊಡನೆ ಮಾತನಾಡಬೇಕು ಎಂಬುದೂ ಕಷ್ಟವಾಗುತ್ತದೆ.

ವಿದ್ಯಾರ್ಥಿ ಎಚ್‌ಎಂಒಗಳಿಗೆ ಸರ್ಕಾರ ಒಂದು ವಿನಾಯಿತಿ ಇಟ್ಟಿದೆ: ಮೊದಲೇ ಲಿಖಿತವಾಗಿ ತಿಳಿಸಿದ್ದರೆ, ನಾಲ್ಕು ತಿಂಗಳ ನೋಟಿಸ್ ಕೊಟ್ಟು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮನೆ ಖಾಲಿ ಮಾಡಿಸಿಕೊಳ್ಳಬಹುದು. ಮುಂದಿನ ತಂಡಕ್ಕೆ ಮನೆ ಸಿಗಬೇಕಲ್ಲ. ಆದರೆ ಮನೆಗೆ ಬರುವುದಕ್ಕೆ ಆರು ತಿಂಗಳಿಗಿಂತ ಮುಂಚೆ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರೆ ಈ ದಾರಿ ಮುಚ್ಚಿದೆ. ಇದರ ಗುರಿ ಸ್ಪಷ್ಟ. ಜುಲೈನ ಮನೆಗೆ ಹಿಂದಿನ ನವೆಂಬರಿನಲ್ಲೇ ಸಹಿ ಹಾಕಿಸುವ ಅವಸರ ವಿದ್ಯಾರ್ಥಿ ಬಡಾವಣೆಗಳಲ್ಲಿ ರೂಢಿಯಾಗಿತ್ತು. ಕಾಲೇಜು ಸೇರಿ ಎರಡು ತಿಂಗಳಾಗದ ಹುಡುಗ ಹುಡುಗಿಯರು ಇನ್ನೂ ಸರಿಯಾಗಿ ಪರಿಚಯವಾಗದ ಸಹಪಾಠಿಗಳೊಡನೆ ಮುಂದಿನ ವರ್ಷದ ಮನೆ ನಿರ್ಧರಿಸುತ್ತಿದ್ದರು. ಆ ಓಟ ಜನವರಿಗೆ ತಳ್ಳಿದರೆ ಒಳ್ಳೆಯದೇ. ಇನ್ನು, ಒಬ್ಬಿಬ್ಬರೇ ಇರುವ ಸಣ್ಣ ಮನೆಗಳು ಎಚ್‌ಎಂಒ ಅಲ್ಲವಾದ್ದರಿಂದ ಅವಕ್ಕೆ ಈ ವಿನಾಯಿತಿಯೂ ಇಲ್ಲ. ಎರಡು ಕೋಣೆಯ ಬ್ಯಾಕ್-ಟು-ಬ್ಯಾಕ್ ಮನೆಯ ಮಾಲೀಕ ವಿದ್ಯಾರ್ಥಿಗಳನ್ನು ಬಿಟ್ಟು ಉದ್ಯೋಗಸ್ಥರನ್ನು ಹುಡುಕಬಹುದು.

ಕರ್ನಾಟಕದಿಂದ ಹೊರಡುವವರಿಗೆ

2022-23ರಲ್ಲಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಸುಮಾರು 1.73 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು. ಬೇರೆ ಯಾವ ಹೊರದೇಶದಿಂದಲೂ ಅಷ್ಟು ಜನ ಇರಲಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಿಂದ ಎಂ.ಎಸ್ಸಿ.ಗೆಂದು ಹೋದವರೂ ಆ ಲೆಕ್ಕದಲ್ಲಿದ್ದಾರೆ. ಅವರಲ್ಲಿ ಬಹಳ ಮಂದಿಯ ಇಂಗ್ಲೆಂಡ್ ಎಂದರೆ ಇಂಥದೇ ಒಂದು ಸಾಲುಮನೆಯ ಕೋಣೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿಸಿಕೊಂಡು ಬೆಳೆದವರಿಗೆ ಇಂಗ್ಲೆಂಡಿನ ಠೇವಣಿ ಮಿತಿ ನಂಬಲಾಗದಷ್ಟು ಉದಾರ: ವಾರ್ಷಿಕ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆಯಿದ್ದರೆ ಹೆಚ್ಚೆಂದರೆ ಐದು ವಾರಗಳ ಬಾಡಿಗೆ. ಸಮಸ್ಯೆ ಠೇವಣಿಯಲ್ಲಿಲ್ಲ, ಜಾಮೀನಿನಲ್ಲಿದೆ. ಬಾಡಿಗೆ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎನ್ನುವ, ಬ್ರಿಟನ್ನಿನಲ್ಲೇ ಇರುವ ಜಾಮೀನುದಾರನನ್ನು ಮಾಲೀಕರು ಕೇಳುತ್ತಾರೆ. ಹಾಸನದಿಂದಲೋ ರಾಯಚೂರಿನಿಂದಲೋ ಹೋದ ಹುಡುಗಿಗೆ ಅಲ್ಲಿ ಯಾರಿದ್ದಾರೆ? ಇದುವರೆಗೆ ಅದಕ್ಕೊಂದು ಅಡ್ಡದಾರಿಯಿತ್ತು: ಆರು ತಿಂಗಳ ಅಥವಾ ಇಡೀ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿಬಿಡುವುದು. ಶಿಕ್ಷಣ ಸಾಲ ಮಾಡಿಯಾದರೂ ಕಟ್ಟುತ್ತಿದ್ದರು. ಹೊಸ ಕಾಯ್ದೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ ಎನ್ನುತ್ತದೆ. ಬಡ ಬಾಡಿಗೆದಾರರನ್ನು ದೊಡ್ಡ ಮುಂಗಡದ ಗೋಡೆ ಹೊರಗಿಡಬಾರದು ಎಂಬುದು ಉದ್ದೇಶ. ಆದರೆ ಜಾಮೀನುದಾರನಿಲ್ಲದವನ ಕೈಯಲ್ಲಿದ್ದ ಒಂದೇ ಕೀಲಿಯೂ ಅದೇ ಆಗಿತ್ತು.

ಮುಂದೆ ಮೂರು ದಾರಿ ಉಳಿಯುತ್ತವೆ. ಶುಲ್ಕ ತೆಗೆದುಕೊಂಡು ಜಾಮೀನು ನಿಲ್ಲುವ ಕಂಪನಿಗಳು ಒಂದು. ವಿದ್ಯಾರ್ಥಿಗಳಿಗೆಂದೇ ಕಟ್ಟಿದ ಖಾಸಗಿ ವಸತಿ ಸಮುಚ್ಚಯಗಳು ಇನ್ನೊಂದು. ಮಾನ್ಯತೆ ಪಡೆದ ಸಂಹಿತೆಗೆ ಒಳಪಟ್ಟಿದ್ದರೆ ಅವು ಹೊಸ ಬಾಡಿಗೆ ವ್ಯವಸ್ಥೆಯ ಹೊರಗಿವೆ, ಮುಂಗಡವನ್ನೂ ಪಡೆಯಬಹುದು. ಮೂರನೆಯದು ಅಪಾಯದ್ದು: ಯಾರದೋ ಪರಿಚಯದ ಮೇಲೆ, ಕರಾರಿಲ್ಲದೆ, ಲೈಸೆನ್ಸ್ ಇಲ್ಲದ ಮನೆಯಲ್ಲಿ ಒಂದು ಹಾಸಿಗೆ. ಅಲ್ಲಿಗೆ ಹೋಗುವ ಮುನ್ನ ಎರಡು ಸಂಗತಿ ತಿಳಿದಿರಬೇಕು. ಲೈಸೆನ್ಸ್ ಪಡೆದ ಎಚ್‌ಎಂಒಗಳ ಪಟ್ಟಿಯನ್ನು ಪ್ರತಿ ಕೌನ್ಸಿಲ್ ಇಟ್ಟಿರಲೇಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಲೈಸೆನ್ಸ್ ಬೇಕಿದ್ದೂ ಪಡೆಯದ ಮಾಲೀಕನಿಂದ, ಕಟ್ಟಿದ ಬಾಡಿಗೆಯನ್ನು ಹಿಂದಿರುಗಿಸಬೇಕೆಂದು ಬಾಡಿಗೆದಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಈವರೆಗೆ ಗರಿಷ್ಠ 12 ತಿಂಗಳ ಬಾಡಿಗೆಯಿದ್ದದ್ದನ್ನು ಹೊಸ ಕಾಯ್ದೆ 24 ತಿಂಗಳಿಗೆ ಏರಿಸುತ್ತದೆ.

ಗೋಪುರಗಳು ಬಂದ ಮೇಲೆ

ಲೀಡ್ಸ್ ನಗರ ಕೇಂದ್ರದಲ್ಲಿ 2021ರಲ್ಲಿ ತಲೆಯೆತ್ತಿದ ‘ಆಲ್ಟಸ್ ಹೌಸ್’ 116 ಮೀಟರ್ ಎತ್ತರದ ವಿದ್ಯಾರ್ಥಿ ವಸತಿ. ಸುತ್ತ ಇನ್ನೂ ಅಂಥವು ಬಂದಿವೆ. ದುಡ್ಡಿರುವ ವಿದ್ಯಾರ್ಥಿಗಳು ಅತ್ತ ಸರಿದರೆ ಹೈಡ್ ಪಾರ್ಕ್, ಹೆಡಿಂಗ್ಲೆಗಳ ಐದು ಬೀಗದ ಮನೆಗಳಿಗೆ ಸಂಸಾರಗಳು ಮರಳುತ್ತವೆಯೇ? ಹಾಗೆ ಹಾರೈಸುವವರಿದ್ದಾರೆ, ಆದರೆ ಗಣಿತ ಅವರ ಪರವಾಗಿಲ್ಲ. ಅಟ್ಟ ಸೀಳಿ, ನಡುಮನೆ ಮುಚ್ಚಿ, ಕೋಣೆಗೊಂದು ಕೈತೊಳೆಯುವ ಬೇಸಿನ್ ಹಾಕಿದ ಮನೆಯನ್ನು ಮತ್ತೆ ಸಂಸಾರದ ಮನೆ ಮಾಡಲು ಖರ್ಚಿದೆ. ಆಮೇಲೆ ಬರುವ ಬಾಡಿಗೆಯೂ ಕಡಿಮೆ. ಅದಕ್ಕಿಂತ ಆ ಕೋಣೆಗಳಿಗೆ ಹೊಸ ಜನ ಹುಡುಕುವುದು ಮಾಲೀಕನಿಗೆ ಸುಲಭ: ವೃದ್ಧಾಶ್ರಮಗಳ ಆರೈಕೆ ಕೆಲಸಗಾರರು, ಗೋದಾಮಿನ ರಾತ್ರಿ ಪಾಳಿಯವರು, 35 ತುಂಬದ ಒಂಟಿ ಜನ, ಗೃಹ ಇಲಾಖೆಯ ಗುತ್ತಿಗೆ.

ಇವರಲ್ಲಿ ಹಲವರು ವಿದ್ಯಾರ್ಥಿಗಳಂತೆ ಜೂನ್ 30ಕ್ಕೆ ಎದ್ದು ಹೋಗುವವರಲ್ಲ. ಸೆಕ್ಷನ್ 21 ಹೋದ ಮೇಲೆ ಬಾಡಿಗೆ ಕಟ್ಟುತ್ತಿರುವವರೆಗೆ ಅವರನ್ನು ಸುಮ್ಮನೆ ಎಬ್ಬಿಸಲೂ ಆಗುವುದಿಲ್ಲ. ಅದೇ 70 ಚದರಡಿಯ ಕೋಣೆಯಲ್ಲಿ ಐದನೆಯ ವರ್ಷ ಕಳೆಯುವ, ಡಬ್ಬಿ ಹೊರಗಿಡುವ ದಿನ ತಪ್ಪದ, ಪಕ್ಕದ ಮುದುಕಿಯ ಹೆಸರು ಬಲ್ಲ ಕೆಲಸಗಾರ್ತಿ ಮುಂದಿನ ದಿನಗಳಲ್ಲಿ ಈ ಬೀದಿಗಳಲ್ಲಿ ಹೆಚ್ಚಾಗಿ ಕಾಣಬಹುದು. ಕೌನ್ಸಿಲ್‌ನ ನಕ್ಷೆಯಲ್ಲಿ ಮಾತ್ರ ಅವಳಿರುವ ಮನೆಯೂ, ಸೋಫಾವನ್ನು ಬೀದಿಗೆಳೆದು ಊರಿಗೆ ಹೊರಟ ಹುಡುಗರ ಮನೆಯೂ ಒಂದೇ ಬಣ್ಣದ ಚುಕ್ಕೆ. ವೃತ್ತದೊಳಗೆ ಎಷ್ಟು ಚುಕ್ಕೆ ಎಂದು ನಿಯಮ ಕೇಳುತ್ತದೆ. ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳುವ ಕಾಲಮ್ಮು ಆ ಅರ್ಜಿಯಲ್ಲಿಲ್ಲ.